ಮನದ ನೋವಿಗೆ ಮಾತಿನ ಮದ್ದು

ಜ್ವರ ಬಂದರೆ ನಾವು ಎರಡನೆಯ ದಿನವೇ ಡಾಕ್ಟರ ಬಳಿಗೆ ಓಡುತ್ತೇವೆ. ಹಲ್ಲು ನೋವಾದರೆ ಆಫೀಸಿಗೆ ರಜೆ ಹಾಕುತ್ತೇವೆ. ಮನಸ್ಸಿಗೆ ನೋವಾದಾಗ? ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೂ, ಊಟ ರುಚಿಸದಿದ್ದರೂ, ಯಾರೊಡನೆಯೂ ಮಾತು ಬೇಡವೆನಿಸಿದರೂ "ಎಲ್ಲ ಸರಿಹೋಗುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ" ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಯಾರಾದರೂ "ಒಬ್ಬ ಆಪ್ತಸಲಹೆಗಾರರನ್ನು ಕಂಡು ಬನ್ನಿ" ಎಂದರೆ "ನನಗೇನು ಹುಚ್ಚೇ?" ಎಂದು ಸಿಡಿಮಿಡಿಗೊಳ್ಳುತ್ತೇವೆ. ಸಿಟ್ಟು ಇಳಿದ ಮೇಲೆ ಇನ್ನೊಂದು ಪ್ರಶ್ನೆ ಬರುತ್ತದೆ: "ಬರೀ ಮಾತಿಗೆ ದುಡ್ಡು ಕೊಡಬೇಕೆ? ಬುದ್ಧಿ ಹೇಳುವವರು ನಮ್ಮ ಮನೆಯಲ್ಲೇ ಬೇಕಾದಷ್ಟು ಮಂದಿ ಇದ್ದಾರಲ್ಲ!"

ಈ ಎರಡನೆಯ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಮಾತಿನಿಂದ ಮನಸ್ಸಿನ ನೋವು ಮಾಗುವುದಾದರೆ ಅದು ಯಾವ ಬಗೆಯ ಮಾತು? ಅಜ್ಜಿ ಹೇಳುವ ಸಮಾಧಾನಕ್ಕೂ ತರಬೇತಿ ಪಡೆದವರ ಮಾತಿಗೂ ಏನು ವ್ಯತ್ಯಾಸ? ಬನ್ನಿ, ಸ್ವಲ್ಪ ವಿಚಾರ ಮಾಡೋಣ.

ಹೆಸರಿಟ್ಟವಳು ರೋಗಿಯೇ

ಮಾತಿನ ಚಿಕಿತ್ಸೆಯ ಕಥೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಯೆನ್ನಾ ನಗರದಲ್ಲಿ ಆರಂಭವಾಗುತ್ತದೆ. 1880ರಲ್ಲಿ ಜೋಸೆಫ್ ಬ್ರೂಯರ್ ಎಂಬ ವೈದ್ಯರ ಬಳಿಗೆ ಒಬ್ಬ ತರುಣಿ ಬಂದಳು. ತಂದೆಯ ಕಾಯಿಲೆಯಲ್ಲಿ ಹಗಲಿರುಳು ಶುಶ್ರೂಷೆ ಮಾಡುತ್ತಿದ್ದವಳಿಗೆ ಕೈಕಾಲುಗಳ ಸ್ವಾಧೀನ ತಪ್ಪುತ್ತಿತ್ತು, ಕೆಲವೊಮ್ಮೆ ಮಾತೃಭಾಷೆಯಾದ ಜರ್ಮನ್ ಮಾತನಾಡಲೇ ಬರುತ್ತಿರಲಿಲ್ಲ. ತನ್ನನ್ನು ಕಾಡುವ ನೆನಪುಗಳನ್ನು ವೈದ್ಯರೆದುರು ಹೇಳಿಕೊಂಡಾಗ ಅವಳಿಗೆ ಕೊಂಚ ಹಗುರವಾಗುತ್ತಿತ್ತು. ಇದನ್ನು 'ಮಾತಿನ ಚಿಕಿತ್ಸೆ' ಎಂದು ಕರೆದವಳು ಅವಳೇ. ತಮಾಷೆಯಾಗಿ 'ಹೊಗೆಗೂಡು ಗುಡಿಸುವ ಕೆಲಸ' ಎಂದೂ ಹೇಳುತ್ತಿದ್ದಳಂತೆ. ಬ್ರೂಯರ್ ಮತ್ತು ಸಿಗ್ಮಂಡ್ ಫ್ರಾಯ್ಡ್ 1895ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವಳಿಗೆ 'ಆನಾ ಓ' ಎಂಬ ಗುಪ್ತನಾಮವಿದೆ. ನಿಜವಾದ ಹೆಸರು ಬರ್ಥಾ ಪಾಪನ್‌ಹೈಮ್. ಬ್ರೂಯರ್ ಅವರ ಚಿಕಿತ್ಸೆಯಿಂದಲೇ ಅವಳು ಪೂರ್ತಿ ಗುಣಮುಖಳಾದಳೆಂದು ಹೇಳುವಂತಿಲ್ಲ, ಆಮೇಲೂ ಆರೋಗ್ಯಧಾಮಗಳಲ್ಲಿ ಇರಬೇಕಾಯಿತು. ಆದರೆ ಮುಂದೆ ಚೇತರಿಸಿಕೊಂಡು ಜರ್ಮನಿಯಲ್ಲಿ ಅನಾಥ ಹೆಣ್ಣುಮಕ್ಕಳಿಗಾಗಿ ದುಡಿದಳು, 1904ರಲ್ಲಿ ಯಹೂದಿ ಮಹಿಳೆಯರ ಸಂಘಟನೆಯನ್ನೇ ಕಟ್ಟಿದಳು.

ಫ್ರಾಯ್ಡ್ ಈ ಎಳೆಯನ್ನು ಹಿಡಿದು ಮನೋವಿಶ್ಲೇಷಣೆ ಎಂಬ ದೊಡ್ಡ ಸಿದ್ಧಾಂತವನ್ನು ನೇಯ್ದರು. ನಮಗೆ ಅರಿವಿಲ್ಲದ ಆಸೆ, ಭಯಗಳು ಮನಸ್ಸಿನ ತಳದಲ್ಲಿ ಹುದುಗಿರುತ್ತವೆ, ಬಾಲ್ಯದ ಅನುಭವಗಳು ಅಲ್ಲಿಂದಲೇ ನಮ್ಮನ್ನು ಆಡಿಸುತ್ತವೆ ಎಂಬುದು ಅದರ ಸಾರ. ಅನಂತರ ಬಂದವರಲ್ಲಿ ಹಲವರು ಅವರನ್ನು ಒಪ್ಪಲಿಲ್ಲ. ಒಂದು ಮರಕ್ಕೆ ಹತ್ತಾರು ಕೊಂಬೆಗಳು ಒಡೆದವು. ಈ ಕೊಂಬೆಗಳ ವ್ಯತ್ಯಾಸ ತಿಳಿಯಬೇಕಾದರೆ ಒಂದು ಚಲನಚಿತ್ರದ ಸಂಗತಿ ಹೇಳಲೇಬೇಕು.

ಒಬ್ಬ ಮಹಿಳೆ, ಮೂವರು ಚಿಕಿತ್ಸಕರು

1964ರಲ್ಲಿ ಅಮೆರಿಕದ ಎವರೆಟ್ ಶಾಸ್ಟ್ರಮ್ ಎಂಬ ಮನೋವಿಜ್ಞಾನಿ ಒಂದು ಅಪೂರ್ವ ಪ್ರಯೋಗ ಮಾಡಿದರು. ಒಬ್ಬಳೇ ಮಹಿಳೆ, ಒಂದೇ ದಿನ, ಮೂವರು ಹೆಸರಾಂತ ಚಿಕಿತ್ಸಕರೊಡನೆ ಒಬ್ಬರಾದ ಮೇಲೊಬ್ಬರಂತೆ ಮಾತನಾಡಬೇಕು. ಅದನ್ನು ಕ್ಯಾಮೆರಾ ಹಾಗೆಯೇ ಸೆರೆಹಿಡಿಯಬೇಕು. 1965ರಲ್ಲಿ ಹೊರಬಂದ ಈ ಚಿತ್ರವನ್ನು ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ಇಂದಿಗೂ ತೋರಿಸುತ್ತಾರೆ. ಆ ಮಹಿಳೆಯನ್ನು ಜಗತ್ತು 'ಗ್ಲೋರಿಯಾ' ಎಂಬ ಹೆಸರಿನಿಂದಷ್ಟೇ ಅರಿತಿತ್ತು. ಮೂವತ್ತರ ಆಸುಪಾಸಿನ ವಯಸ್ಸು, ಆಗತಾನೇ ವಿಚ್ಛೇದನವಾಗಿತ್ತು, ಮಕ್ಕಳಿದ್ದರು.

ಮೊದಲು ಬಂದವರು ಕಾರ್ಲ್ ರೋಜರ್ಸ್. ಗ್ಲೋರಿಯಾ ತನ್ನ ಸಂಕಟವನ್ನು ನೇರವಾಗಿಯೇ ಮುಂದಿಟ್ಟಳು. ಒಂಬತ್ತು ವರ್ಷದ ಮಗಳು ಒಂದು ದಿನ, ಅಪ್ಪನಿಂದ ದೂರವಾದ ಮೇಲೆ ನಿನಗೆ ಬೇರೆ ಗಂಡಸರ ಸಂಬಂಧವಿತ್ತೇ ಎಂದು ಕೇಳಿದ್ದಳು. ಇವಳು ಇಲ್ಲವೆಂದು ಸುಳ್ಳು ಹೇಳಿದ್ದಳು. ಆ ಸುಳ್ಳು ಎದೆಯಲ್ಲಿ ಮುಳ್ಳಿನಂತೆ ನಾಟಿತ್ತು. ನಿಜ ಹೇಳಿದರೆ ಮಗುವಿನ ಮನಸ್ಸು ಕೆಡುವುದೇ? ಹೇಳದಿದ್ದರೆ ತಾಯಿ ಮಗಳ ನಡುವೆ ನಂಬಿಕೆ ಉಳಿಯುವುದೇ?

ನಮ್ಮ ಮನೆಗಳಲ್ಲಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಅತ್ತೆ ಒಂದು ಹೇಳುತ್ತಿದ್ದರು, ಅಕ್ಕ ಇನ್ನೊಂದು, ಪಕ್ಕದ ಮನೆಯಾಕೆ ಮತ್ತೊಂದು. ರೋಜರ್ಸ್ ಯಾವ ಉತ್ತರವನ್ನೂ ಕೊಡಲಿಲ್ಲ. ಗ್ಲೋರಿಯಾ ಮತ್ತೆ ಮತ್ತೆ ಒತ್ತಾಯಿಸಿದಳು. ಆಕೆಯ ಸಂಕಟ ತಮಗೆ ಅರ್ಥವಾಗುತ್ತಿದೆ ಎಂಬುದನ್ನು ಅವರು ತೋರಿಸಿಕೊಟ್ಟರು, ಆದರೆ ತೀರ್ಮಾನ ಆಕೆಯದೇ ಆಗಿರಬೇಕೆಂದು ಕಾದರು. ಮಾತು ಮುಂದುವರಿದಂತೆ ಮಗಳ ಪ್ರಶ್ನೆ ಹಿಂದೆ ಸರಿದು, ತನ್ನನ್ನು ತಾನೇ ಒಪ್ಪಿಕೊಳ್ಳಲಾಗದ ಗ್ಲೋರಿಯಾಳ ಕಷ್ಟ ಮುಂದೆ ಬಂತು. ಕೊನೆಗೆ ಅವಳು, ತನ್ನ ತಂದೆಯೊಡನೆ ಹೀಗೆ ಮಾತನಾಡಲು ಆಗಲೇ ಇಲ್ಲ, ನೀವೇ ನನ್ನ ತಂದೆಯಾಗಿದ್ದರೆ ಚೆನ್ನಾಗಿತ್ತು ಎಂಬರ್ಥದ ಮಾತು ಹೇಳಿ ಕಣ್ಣು ತುಂಬಿಕೊಂಡಳು.

ಎರಡನೆಯವರು ಬರ್ಲಿನ್‌ನಲ್ಲಿ ಹುಟ್ಟಿದ ಫ್ರಿಟ್ಜ್ ಪರ್ಲ್ಸ್, ಗೆಸ್ಟಾಲ್ಟ್ ಚಿಕಿತ್ಸೆಯ ಪ್ರವರ್ತಕರು. ಇವರ ರೀತಿಯೇ ಬೇರೆ. ತನಗೆ ಹೆದರಿಕೆಯಾಗುತ್ತಿದೆ ಎಂದು ಗ್ಲೋರಿಯಾ ಹೇಳಿದರೆ, ಹೆದರಿದವಳು ನಗುತ್ತಿರುವುದೇಕೆ ಎಂದು ತಕ್ಷಣ ಹಿಡಿದರು. ಇದೆಲ್ಲ ಸೋಗು ಎಂದುಬಿಟ್ಟರು. ಅವಳಿಗೆ ಕೋಪ ನೆತ್ತಿಗೇರಿತು, ಅವರೊಡನೆ ಜಗಳಕ್ಕೇ ನಿಂತಳು. ಪರ್ಲ್ಸ್ ಅವರಿಗೆ ಬೇಕಾದದ್ದೂ ಅದೇ. ಹಳೆಯ ಕಥೆ ಬೇಡ, ಈ ಗಳಿಗೆಯಲ್ಲಿ ನಿನ್ನೊಳಗೆ ಏನಾಗುತ್ತಿದೆಯೋ ಅದನ್ನು ಪೂರ್ತಿಯಾಗಿ ಅನುಭವಿಸು ಎಂಬುದು ಅವರ ಮಾರ್ಗ.

ಮೂರನೆಯವರು ಆಲ್ಬರ್ಟ್ ಎಲ್ಲಿಸ್. ಇವರು ಒಳ್ಳೆಯ ಮೇಷ್ಟರಂತೆ ಪಾಠಕ್ಕೇ ಇಳಿದರು. ಮೆಚ್ಚುಗೆಯಾದ ಗಂಡಸಿನ ಎದುರು ತನಗೆ ಸಂಕೋಚವಾಗಿ ಸಹಜವಾಗಿ ನಡೆದುಕೊಳ್ಳಲು ಆಗುವುದಿಲ್ಲ ಎಂದಳು ಗ್ಲೋರಿಯಾ. ಅವನು ಒಪ್ಪದಿದ್ದರೆ ಜಗತ್ತೇ ಮುಳುಗಿತು ಎಂದು ನಿನಗೆ ನೀನೇ ಹೇಳಿಕೊಳ್ಳುತ್ತಿರುವೆ, ಸಂಕಟ ಬರುವುದು ಆ ಮಾತಿನಿಂದ ಎಂದು ಎಲ್ಲಿಸ್ ವಿವರಿಸಿದರು. ಧೈರ್ಯ ಮಾಡಿ ನೀನು ನೀನಾಗಿಯೇ ಮಾತನಾಡಿ ನೋಡು ಎಂದು 'ಮನೆಗೆಲಸ'ವನ್ನೂ ಕೊಟ್ಟು ಕಳುಹಿಸಿದರು.

ಮೂರು ದಾರಿ, ಮೂರು ನಂಬಿಕೆ

ಈ ಮೂವರಲ್ಲಿ ನೀವಾಗಿದ್ದರೆ ಯಾರ ಬಳಿಗೆ ಹೋಗುತ್ತಿದ್ದಿರಿ? ಉತ್ತರ ಹೇಳುವ ಮುನ್ನ ಒಂದು ಸಂಗತಿ ಗಮನಿಸಿ. ಪ್ರತಿಯೊಂದು ಪದ್ಧತಿಯ ಹಿಂದೆಯೂ ಮನುಷ್ಯನೆಂದರೆ ಯಾರು ಎಂಬುದರ ಬಗ್ಗೆ ಒಂದು ನಂಬಿಕೆ ಇದೆ.

ಅನುಕೂಲವಾದ ವಾತಾವರಣ ಸಿಕ್ಕರೆ ಮನುಷ್ಯ ತಾನಾಗಿಯೇ ಬೆಳೆಯುತ್ತಾನೆ ಎಂಬುದು ರೋಜರ್ಸ್ ಅವರ ನಂಬಿಕೆ. ಬೀಜಕ್ಕೆ ಮಣ್ಣು, ನೀರು, ಬಿಸಿಲು ಒದಗಿಸಬಹುದು, ಮೊಳಕೆಯನ್ನು ಎಳೆದು ಉದ್ದ ಮಾಡಲಾಗದು. 'ರೋಗಿ' ಎಂಬ ಪದವನ್ನೇ ಅವರು ಬಿಟ್ಟರು. 1957ರ ಒಂದು ಪ್ರಸಿದ್ಧ ಲೇಖನದಲ್ಲಿ ಚಿಕಿತ್ಸಕನಲ್ಲಿ ಮುಖ್ಯವಾಗಿ ಮೂರು ಗುಣಗಳಿರಬೇಕೆಂದರು: ಒಳಗೊಂದು ಹೊರಗೊಂದು ಇಲ್ಲದ ಪ್ರಾಮಾಣಿಕತೆ, ಷರತ್ತಿಲ್ಲದ ಆದರ, ಎದುರಿನವರ ಕಣ್ಣಿನಿಂದಲೇ ಅವರ ಲೋಕವನ್ನು ಕಾಣುವ ಸಹಾನುಭೂತಿ. ಪರ್ಲ್ಸ್ ಪ್ರಕಾರ ನಾವು ಮುಖವಾಡ ಹಾಕಿಕೊಂಡು ಬದುಕುತ್ತೇವೆ, ಅದು ಕಳಚಿದಾಗಲೇ ಜೀವಂತಿಕೆ. ಎಲ್ಲಿಸ್ ಅವರಿಗೆ ವಿವೇಕವೇ ಮುಖ್ಯ. ಘಟನೆಗಳಿಗಿಂತ ಅವುಗಳ ಬಗ್ಗೆ ನಾವು ತಳೆಯುವ ಅಭಿಪ್ರಾಯವೇ ನಮ್ಮನ್ನು ಕದಡುತ್ತದೆ ಎಂಬ ಪ್ರಾಚೀನ ತತ್ತ್ವಜ್ಞಾನಿ ಎಪಿಕ್ಟೀಟಸ್‌ನ ವಿಚಾರಕ್ಕೆ ತಾನು ಋಣಿ ಎಂದು ಅವರೇ ಹೇಳಿಕೊಂಡಿದ್ದಾರೆ. ಇದೇ ಜಾಡಿನಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ ಪದ್ಧತಿ ಇಂದು ಸಿ.ಬಿ.ಟಿ. ಎಂಬ ಹೆಸರಿನಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಬೆಕ್ 2021ರಲ್ಲಿ ತಮ್ಮ ನೂರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನು ಗ್ಲೋರಿಯಾಳ ಉತ್ತರ. ಚಿತ್ರೀಕರಣ ಮುಗಿದಾಗ, ಸದ್ಯದ ಸ್ಥಿತಿಯಲ್ಲಿ ತನಗೆ ಪರ್ಲ್ಸ್ ಹೆಚ್ಚು ಉಪಯುಕ್ತರೆಂದು ಅವಳು ಹೇಳಿದಳು. ಆದರೆ ಅವಳು ಸಾಯುವವರೆಗೂ, ಸುಮಾರು 15 ವರ್ಷಗಳ ಕಾಲ, ಆಗಾಗ ಪತ್ರ ಬರೆದದ್ದು ರೋಜರ್ಸ್ ಅವರಿಗೆ. ಅರ್ಧ ಗಂಟೆಯ ಭೇಟಿಯೊಂದು ಅಷ್ಟು ಕಾಲ ಉಳಿಯಿತು.

ಯಾವುದು ಮೇಲು?

ಸಾಲ್ ರೋಸೆನ್‌ಜ್ವೈಗ್ ಎಂಬ ಮನೋವಿಜ್ಞಾನಿ 1936ರಷ್ಟು ಹಿಂದೆಯೇ ಒಂದು ಮಾತು ಹೇಳಿದ್ದರು: ಪದ್ಧತಿಗಳು ಬೇರೆಬೇರೆಯಾದರೂ ಫಲ ಹೆಚ್ಚುಕಡಿಮೆ ಒಂದೇ ಆಗಿದ್ದರೆ, ಅವೆಲ್ಲದರಲ್ಲಿಯೂ ಸಮಾನವಾದ ಯಾವುದೋ ಅಂಶ ಕೆಲಸ ಮಾಡುತ್ತಿರಬೇಕು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಚಿಕಿತ್ಸೆ ಪಡೆಯದವರಲ್ಲಿ ನೂರಕ್ಕೆ 75 ಮಂದಿಗಿಂತ ಉತ್ತಮವಾಗಿತ್ತು. ಪದ್ಧತಿ ಪದ್ಧತಿಗಳ ನಡುವಿನ ವ್ಯತ್ಯಾಸ ಮಾತ್ರ ಬಹಳ ಕಡಿಮೆ.

ಹಾಗೆಂದು ಎಲ್ಲ ಕಾಯಿಲೆಗೂ ಎಲ್ಲ ಪದ್ಧತಿಯೂ ಒಂದೇ ಎಂದಲ್ಲ. ಹತ್ತಾರು ಬಾರಿ ಕೈ ತೊಳೆಯುವ ಗೀಳಿಗೆ, ಲಿಫ್ಟ್ ಹತ್ತಲಾಗದ ಭೀತಿಗೆ, ಹೆದರುವ ವಸ್ತುವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಚಿಕಿತ್ಸೆಯೇ ಹೆಚ್ಚು ಫಲಕಾರಿ. ಭ್ರಮೆ, ಅಶರೀರವಾಣಿಗಳಿಂದ ಕಾಡುವ ತೀವ್ರ ಮನೋರೋಗಗಳಿಗೆ ಔಷಧಿ ಬೇಕೇ ಬೇಕು, ಮಾತು ಅದಕ್ಕೆ ಪೂರಕ. ಆದರೆ ದಿನನಿತ್ಯದ ದುಃಖ, ಖಿನ್ನತೆ, ಸಂಸಾರದ ತಾಪತ್ರಯಗಳಲ್ಲಿ ಚಿಕಿತ್ಸಕ ಮತ್ತು ಬಂದವರ ನಡುವೆ ಬೆಳೆಯುವ ವಿಶ್ವಾಸವೇ ದೊಡ್ಡ ಪಾಲು ಕೆಲಸ ಮಾಡುತ್ತದೆ.

ನಮ್ಮ ನೆಲದಲ್ಲಿ ಈ ಸಸಿ

"ಇದೆಲ್ಲ ಪರದೇಶದ ಮಾತಾಯಿತು" ಎನ್ನುತ್ತೀರಾ? ಭಾರತದಲ್ಲಿಯೂ ಇದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಕಲ್ಕತ್ತೆಯ ಡಾ. ಗಿರೀಂದ್ರಶೇಖರ ಬೋಸ್ 1922ರಲ್ಲಿಯೇ ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿದರು. ಫ್ರಾಯ್ಡ್ ಅವರನ್ನು ಒಮ್ಮೆಯೂ ಕಾಣದಿದ್ದರೂ ವರ್ಷಗಟ್ಟಲೆ ಪತ್ರ ಬರೆದು ವಾದಿಸಿದರು. ಫ್ರಾಯ್ಡ್ ಅವರ 75ನೆಯ ಹುಟ್ಟುಹಬ್ಬಕ್ಕೆ ಸಂಘ ಕಳುಹಿಸಿದ ಕಾಣಿಕೆ ದಂತದ ವಿಷ್ಣುಮೂರ್ತಿ!

ಕನ್ನಡದಲ್ಲಿ 'ಕೊರವಂಜಿ'ಯ ಮೂಲಕ ನಾಡನ್ನೇ ನಗಿಸಿದ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಮನಸ್ಸಿನ ವಿಚಾರವನ್ನು ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ತಿಳಿಗನ್ನಡದಲ್ಲಿ ನೂರಾರು ಪುಸ್ತಕಗಳನ್ನು ಬರೆದು ಮನೆಮನೆಗೆ ಮುಟ್ಟಿಸಿದರು.

ಆದರೆ ಸಿದ್ಧಾಂತದ ಜೊತೆಗೆ ಅದು ಹುಟ್ಟಿದ ನಾಡಿನ ಮೌಲ್ಯಗಳೂ ಬರುತ್ತವೆ ಎಂಬುದನ್ನು ಮರೆಯಬಾರದು. 'ನಿನ್ನ ತೀರ್ಮಾನ ನಿನ್ನದೇ' ಎಂಬುದು ಅಮೆರಿಕದ ಗ್ಲೋರಿಯಾಳಿಗೆ ಸಹಜ. ನಮ್ಮಲ್ಲಿ ಮದುವೆ, ನೌಕರಿ, ಮನೆ ಖರೀದಿ ಎಲ್ಲವೂ ಹತ್ತು ಜನರ ತೀರ್ಮಾನ. "ನಿನಗೆ ಏನು ಬೇಕು?" ಎಂದು ಕೇಳಿದರೆ ತಬ್ಬಿಬ್ಬಾಗುವ ಸೊಸೆಯಂದಿರು ಎಷ್ಟಿಲ್ಲ? ನಮ್ಮ ಜನ ಚಿಕಿತ್ಸಕನಲ್ಲಿ ಗುರುವನ್ನು ಹುಡುಕುತ್ತಾರೆ, ಆದ್ದರಿಂದ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ನೋಡಬಹುದು ಎಂದು ಮನೋವೈದ್ಯ ಡಾ. ಜೆ.ಎಸ್. ನೇಕಿ 1973ರಲ್ಲಿ ವಾದಿಸಿದರು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆಗಳನ್ನು ಹಾಕಿಸಿ ರೋಗಿಗಳ ಜೊತೆಗೆ ಮನೆಯವರನ್ನೂ ಇರಿಸಿಕೊಂಡರು. ಕುಟುಂಬವನ್ನು ಹೊರಗಟ್ಟುವ ಬದಲು ಚಿಕಿತ್ಸೆಯಲ್ಲಿ ಪಾಲುಗಾರರನ್ನಾಗಿ ಮಾಡಿದ ಈ ಕ್ರಮವನ್ನು ಲೋಕ ಮೆಚ್ಚಿತು.

ನೆರೆಯ ಗೋವಾದ ಪ್ರಯೋಗ ಇನ್ನೂ ಇತ್ತೀಚಿನದು. 'ಸಂಗಾತ್' ಸಂಸ್ಥೆಯವರು ಮಾನಸಿಕ ಆರೋಗ್ಯದಲ್ಲಿ ಯಾವ ಪದವಿಯೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬರುವ ತೀವ್ರ ಖಿನ್ನತೆಯವರೊಡನೆ ಆರರಿಂದ ಎಂಟು ಬಾರಿ ಮಾತನಾಡಿಸಿದರು. 2017ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿಯಂತೆ ಮೂರು ತಿಂಗಳಲ್ಲಿ ಹೀಗೆ ನೆರವು ಪಡೆದವರಲ್ಲಿ ನೂರಕ್ಕೆ 64 ಮಂದಿ ಚೇತರಿಸಿಕೊಂಡಿದ್ದರು, ಅದಿಲ್ಲದವರಲ್ಲಿ 39 ಮಂದಿ. ಆ ಸಲಹೆಗಾರರು ಬಂದವರ ಊರನ್ನೂ ಭಾಷೆಯನ್ನೂ ಬಲ್ಲವರಾಗಿದ್ದರು.

ಅಳು ಯಾವ ಭಾಷೆಯಲ್ಲಿ?

ಇಲ್ಲಿ ನಮ್ಮಂಥ ಹೊರನಾಡ ಕನ್ನಡಿಗರ ಸಮಸ್ಯೆಯೊಂದಿದೆ. ಮಗನ ಮನೆಗೆಂದು ಊರು ಬಿಟ್ಟು ಮುಂಬಯಿಗೆ ಬಂದ ಒಬ್ಬ ವಿಧವೆ ತಾಯಿಯನ್ನು ಊಹಿಸಿಕೊಳ್ಳಿ. ಅಂಗಳವಿಲ್ಲ, ಹಿತ್ತಲಿಲ್ಲ, ಮಾತಿಗೆ ಜನವಿಲ್ಲ. ಹಗಲೆಲ್ಲ ಮಗ ಸೊಸೆ ಲೋಕಲ್ ರೈಲು, ಆಫೀಸುಗಳಲ್ಲಿ. ಆಕೆಗೆ ಎದೆ ಉರಿ, ಮೈಯೆಲ್ಲ ಸಂಕಟ, ನಿದ್ದೆಯಿಲ್ಲ. ರಕ್ತ ಪರೀಕ್ಷೆ, ಇ.ಸಿ.ಜಿ. ಎಲ್ಲ ಸರಿಯಾಗಿವೆ. ಆಪ್ತಸಲಹೆಗೆ ಕರೆದೊಯ್ದರೆ ಕೇಳುವವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಕೇಳುತ್ತಾರೆ, ಮಗ ಅನುವಾದಿಸುತ್ತಾನೆ. "ಹೊಟ್ಟೆಯಲ್ಲಿ ತಳಮಳ", "ಜೀವ ಹಿಂಡಿದ ಹಾಗೆ" ಎಂಬ ಮಾತುಗಳನ್ನು ಯಾವ ಭಾಷೆಗೆ ತರುವುದು? ಅದೂ ಅಲ್ಲದೆ, ಮಗನ ಎದುರಿಗೆ ಮಗನ ಮನೆಯ ಕಷ್ಟವನ್ನು ಆ ತಾಯಿ ಹೇಗೆ ಬಾಯಿಬಿಟ್ಟಾಳು?

ಆದ್ದರಿಂದ ಹಿರಿಯರ ವಿಷಯದಲ್ಲಿ ಕನ್ನಡ ಬಲ್ಲವರನ್ನು ಹುಡುಕುವುದು ಅಗತ್ಯವೇ ಹೊರತು ಭಾಷಾಭಿಮಾನದ ಮಾತಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ 'ಟೆಲಿ-ಮಾನಸ್' ಉಚಿತ ದೂರವಾಣಿ ಸೇವೆಯಲ್ಲಿ (ಸಂಖ್ಯೆ 14416) ಕನ್ನಡವೂ ಇದೆ. ಡೈರಿಯಲ್ಲಿ ಬರೆದಿಟ್ಟುಕೊಳ್ಳಿ.

ಹೋಗುವ ಮುನ್ನ ತಿಳಿದಿರಿ

ಮೊದಲನೆಯದಾಗಿ, ಯಾರು ಯಾರೆಂದು ತಿಳಿಯಿರಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಆದ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟರು ಮಾತಿನ ಚಿಕಿತ್ಸೆಯಲ್ಲಿ ತರಬೇತಿ ಪಡೆದವರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. 'ಕೌನ್ಸೆಲರ್' ಎಂಬ ಬೋರ್ಡು ಕಂಡಾಗ ಏನು ಓದಿದ್ದೀರಿ, ಯಾವ ಪದ್ಧತಿ ಅನುಸರಿಸುತ್ತೀರಿ, ಎಷ್ಟು ಬಾರಿ ಬರಬೇಕು, ಶುಲ್ಕವೆಷ್ಟು ಎಂದು ಕೇಳಲು ಸಂಕೋಚ ಬೇಡ. ಒಳ್ಳೆಯವರು ಸಂತೋಷದಿಂದ ಉತ್ತರಿಸುತ್ತಾರೆ.

ಎರಡನೆಯದು ಗುಟ್ಟಿನ ವಿಚಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಂಬಿದ ಜನ ನಾವು. ಮನೆಯ ಮಾತು ಬೀದಿಗೆ ಬಂದೀತೆಂಬ ಭಯ ಸಹಜ. ಕೇಳಿದ್ದನ್ನು ಹೊರಗೆ ಹೇಳದಿರುವುದು ಈ ವೃತ್ತಿಯ ಮೊದಲ ಧರ್ಮ, 2017ರ ಮಾನಸಿಕ ಆರೋಗ್ಯ ಕಾಯಿದೆ ಇದನ್ನು ರೋಗಿಯ ಹಕ್ಕನ್ನಾಗಿಯೇ ಮಾಡಿದೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ ಇದಕ್ಕೆ ವಿನಾಯಿತಿ ಉಂಟು. ಸಲಹೆಗಾರರು ನಿಮ್ಮ ನೆಂಟರೋ ವ್ಯವಹಾರದ ಪಾಲುದಾರರೋ ಆಗಿರಬಾರದೆಂಬ ನಿಯಮವೂ ಇದಕ್ಕಾಗಿಯೇ. ಮನೆಯಲ್ಲಿ ಬುದ್ಧಿ ಹೇಳುವ ಹತ್ತು ಮಂದಿಗೂ ಇವರಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ನಿಮ್ಮ ತೀರ್ಮಾನದಿಂದ ಅವರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಾಳೆ ಮದುವೆ ಮನೆಯಲ್ಲಿ ಎದುರಾಗಿ ಹಂಗಿಸುವವರೂ ಅಲ್ಲ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು. ಯಾರಾದರೂ "ಬದುಕು ಸಾಕಾಗಿದೆ" ಎಂದರೆ ಅದನ್ನು ನಾಟಕವೆಂದು ತಳ್ಳಿಹಾಕಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ಕಲ್ಪನೆ, ಎಷ್ಟೋ ಮಂದಿಗೆ ಆ ಪ್ರಶ್ನೆಯೇ ಎದೆಯ ಭಾರ ಇಳಿಸುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರ ಬಳಿಗೆ ಕರೆದೊಯ್ಯಿರಿ.

ನಾವೆಲ್ಲರೂ ಚಿಕಿತ್ಸಕರಾಗಲಾರೆವು, ಆಗಬೇಕಾಗಿಯೂ ಇಲ್ಲ. ಆದರೆ ಈ ಶಾಸ್ತ್ರ ನೂರು ವರ್ಷಗಳಿಗೂ ಮೀರಿ ಕಲಿತ ಪಾಠದಲ್ಲಿ ಒಂದಿಷ್ಟನ್ನು ಮನೆಯಲ್ಲಿ ಬಳಸಬಹುದು. ಮಗ ಪರೀಕ್ಷೆಯಲ್ಲಿ ನಪಾಸಾಗಿ ಬಂದಾಗ, ಸೊಸೆ ಅಡಿಗೆಮನೆಯಲ್ಲಿ ಸುಮ್ಮನೆ ಕಣ್ಣೊರೆಸಿಕೊಂಡಾಗ, ನಿವೃತ್ತರಾದ ಯಜಮಾನರು ದಿನವಿಡೀ ಕಿಟಕಿಯ ಬಳಿ ಕುಳಿತಾಗ, ನಮ್ಮ ಬಾಯಿಗೆ ಮೊದಲು ಬರುವುದು ಉಪದೇಶ. ಅದನ್ನು ಹತ್ತು ನಿಮಿಷ ತಡೆಹಿಡಿದು, ಟಿ.ವಿ.ಯನ್ನೂ ಮೊಬೈಲನ್ನೂ ಬದಿಗಿಟ್ಟು, "ಏನಾಯಿತು, ಹೇಳು" ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಅಷ್ಟರಿಂದ ಹಗುರವಾದರೆ ಒಳ್ಳೆಯದು. ಆಗದಿದ್ದರೆ ತಿಳಿದವರ ಬಳಿಗೆ ಕರೆದೊಯ್ಯಲು ತಡಮಾಡಬೇಡಿ.